ಟಾರಾ ಸ್ಟ್ರಾಂಗ್: ಹತ್ತು ವರ್ಷದ ಹುಡುಗನ ದನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆನ್ ಟೆನ್ ಗೊತ್ತಲ್ವಾ? ಕೈಗೆ ವಿಚಿತ್ರ ಗಡಿಯಾರ ಕಟ್ಟಿಕೊಂಡು, ಅದನ್ನು ಒತ್ತಿದ ಕೂಡಲೇ ಬೇರೆ ಲೋಕದ ಜೀವಿಯಾಗಿಬಿಡುವ ಹುಡುಗ. ನಮ್ಮ ಮಕ್ಕಳ ಸ್ಕೂಲ್ ಬ್ಯಾಗು, ನೀರಿನ ಬಾಟಲಿ, ಕಂಪಾಸ್ ಬಾಕ್ಸು ಎಲ್ಲದರ ಮೇಲೂ ಅವನ ಚಿತ್ರ ಇರುತ್ತಿದ್ದ ಕಾಲವೊಂದಿತ್ತು. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಆ ಕಾರ್ಟೂನ್ ಶುರುವಾದಾಗ ಕಥೆಯ ಬೆನ್‌ಗೆ ಹತ್ತು ವರ್ಷ. ಅವನಿಗೆ ಇಂಗ್ಲಿಷಿನಲ್ಲಿ ದನಿ ಕೊಟ್ಟವರಿಗೆ ಮೂವತ್ತೆರಡು. ಅವರೊಬ್ಬ ಹೆಣ್ಣುಮಗಳು. ಹೆಸರು ಟಾರಾ ಸ್ಟ್ರಾಂಗ್. ಊರು ಕೆನಡಾದ ಟೊರೊಂಟೊ.

ಈ ಕಲಾವಿದೆಯ ಬಗ್ಗೆ ಬಾನುಲಿಯಲ್ಲೇ ಮಾತಾಡಬೇಕು ಅಂತ ನನಗೆ ಆಸೆಯಿತ್ತು. ರೇಡಿಯೊ ನಾಟಕ ಕೇಳಿ ಬೆಳೆದವರಿಗೆ, ಬರೀ ದನಿಯಲ್ಲಿ ಎಷ್ಟು ನಟನೆ ಮಾಡಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಸಿನಿಮಾ, ಟೀವಿ ಅಂದ ತಕ್ಷಣ ನಮ್ಮ ಲಕ್ಷ್ಯವೆಲ್ಲ ಮುಖದ ಮೇಲೆ ಹೋಗುತ್ತದೆ. ದನಿ ಕೊಟ್ಟವರು ಹಿಂದೆ ಉಳಿದುಬಿಡುತ್ತಾರೆ. ಇದು ಅನ್ಯಾಯ ಅಂತ ನಾನು ನಂಬಿದ್ದೇನೆ. ಟಾರಾ ಅವರ ಕೆಲಸ ಕೇಳಿದವರು ನನ್ನ ಮಾತು ಒಪ್ಪುತ್ತಾರೆ.

ಅವರು ಹುಟ್ಟಿದ್ದು 1973ರ ಫೆಬ್ರವರಿಯಲ್ಲಿ. ತವರಿನ ಹೆಸರು ಚಾರೆಂಡಾಫ್. ಚಿಕ್ಕವರಿದ್ದಾಗಲೇ ನಾಟಕದ ಹುಚ್ಚು ಹಿಡಿದಿತ್ತು. 1987ರಲ್ಲಿ ಹೆಲೋ ಕಿಟ್ಟಿ ಅನ್ನುವ ಬೆಕ್ಕಿನ ಕಾರ್ಟೂನ್ ಸರಣಿ ಬಂತು. ಆ ಬೆಕ್ಕಿಗೆ ದನಿಯಾದಾಗ ಟಾರಾ ಇನ್ನೂ ಹೈಸ್ಕೂಲ್ ವಯಸ್ಸಿನ ಹುಡುಗಿ. ಟೊರೊಂಟೊದಲ್ಲಿ ಹುಟ್ಟಿದ್ದೂ ಒಂದು ಭಾಗ್ಯವೇ. 1971ರಿಂದ ಅಲ್ಲಿ ನೆಲ್ವಾನಾ ಅನ್ನುವ ದೊಡ್ಡ ಕಾರ್ಟೂನ್ ಕಂಪನಿ ಇತ್ತು, ಹಾಗಾಗಿ ದನಿ ಕಲಾವಿದರಿಗೆ ಊರಲ್ಲೇ ಕೆಲಸ ಸಿಗುತ್ತಿತ್ತು. ನೆಲ್ವಾನಾದ ಬೀಟಲ್‌ಜೂಸ್ ಸರಣಿಯಲ್ಲಿ ಕ್ಲೇರ್ ಅನ್ನುವ ಜಂಬದ ಹುಡುಗಿಯ ದನಿ ಇವರದೇ. ಕೆನಡಾದ ಸರ್ಕಾರಿ ವಾಹಿನಿ ಸಿಬಿಸಿಯ ಒಂದು ಹಾಸ್ಯ ಧಾರಾವಾಹಿಯಲ್ಲೂ ಮುಖ ತೋರಿಸಿದರು. ಸೆಕೆಂಡ್ ಸಿಟಿ ಅನ್ನುವ ಹೆಸರಾಂತ ಹಾಸ್ಯ ರಂಗತಂಡದಲ್ಲಿ, ಸ್ಕ್ರಿಪ್ಟ್ ಇಲ್ಲದೆ ಸ್ಥಳದಲ್ಲೇ ಮಾತು ಕಟ್ಟುವುದನ್ನು ಕಲಿತರು. 1994ರಲ್ಲಿ ಲಾಸ್ ಏಂಜಲಿಸ್‌ಗೆ ಹೊರಟರು.

1998 ಒಂದೇ ವರ್ಷ ನೋಡಿ. ರಗ್ರ್ಯಾಟ್ಸ್ ಚಿತ್ರದಲ್ಲಿ ಡಿಲ್ ಅನ್ನುವ ಹಸುಗೂಸು. ಪವರ್‌ಪಫ್ ಗರ್ಲ್ಸ್‌ನಲ್ಲಿ ಎರಡು ಜುಟ್ಟಿನ, ಬೇಗ ಅತ್ತುಬಿಡುವ ಬಬಲ್ಸ್. ಅದೇ ವರ್ಷ ಸಬ್ರಿನಾ ಅನ್ನುವ ಮಾಟಗಾತಿ ಹುಡುಗಿ ರೋಮ್‌ಗೆ ಹೋಗುವ ಟೀವಿ ಚಿತ್ರದಲ್ಲಿ ಅವಳ ಮಾಟಗಾತಿ ಗೆಳತಿ ಗ್ವೆನ್ ಆಗಿ ಕ್ಯಾಮೆರಾ ಮುಂದೆಯೇ ನಿಂತರು. ತೆರೆಯ ಮೇಲಿನ ಪಾತ್ರಗಳು ಅವರಿಗೆ ಆಮೇಲೂ ಸಿಕ್ಕಿವೆ. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಅವರು ದೊಡ್ಡವರಾದದ್ದು ಮೈಕಿನ ಮುಂದೆ.

ಈಗ ಆ ಹುಡುಗನ ದನಿಗೆ ಬರೋಣ. ಗಂಡುಹುಡುಗನ ಪಾತ್ರಕ್ಕೆ ಹೆಂಗಸಿನ ದನಿ ಯಾಕೆ? ನಿಜವಾದ ಹುಡುಗನನ್ನೇ ತಂದರೆ ಹನ್ನೆರಡು ಹದಿಮೂರಕ್ಕೆ ಅವನ ಗಂಟಲು ಒಡೆಯುತ್ತದೆ. ಕಾರ್ಟೂನ್ ಹುಡುಗನಿಗೆ ಮಾತ್ರ ವಯಸ್ಸಾಗುವುದಿಲ್ಲ! ಮಕ್ಕಳನ್ನು ದಿನಕ್ಕೆ ಇಂತಿಷ್ಟೇ ಹೊತ್ತು ದುಡಿಸಬೇಕು ಅನ್ನುವ ಕಾನೂನೂ ಇದೆ. ಅದಕ್ಕೇ ಈ ಕೆಲಸ ಪಳಗಿದ ಕಲಾವಿದೆಯರ ಪಾಲಿಗೆ ಬರುತ್ತದೆ. ಫೇರ್ಲಿ ಆಡ್‌ಪೇರೆಂಟ್ಸ್ ಸರಣಿಯ ಟಿಮ್ಮಿ ಟರ್ನರ್ ಕೂಡ ಹತ್ತು ವರ್ಷದವನೇ. ಮೊದಲ ಕಿರುಚಿತ್ರಗಳಲ್ಲಿ ಅವನಿಗೆ ದನಿಯಾಗಿದ್ದ ಮೇರಿ ಕೇ ಬರ್ಗ್‌ಮನ್ 1999ರಲ್ಲಿ ತೀರಿಕೊಂಡರು. 2001ರಲ್ಲಿ ಪೂರ್ಣ ಸರಣಿ ಶುರುವಾದಾಗ ಆ ಜಾಗಕ್ಕೆ ಬಂದ ಟಾರಾ, 2017ರವರೆಗೂ ಅವನನ್ನು ಕೈಬಿಡಲಿಲ್ಲ. ಇನ್ನೊಬ್ಬರು ಅರ್ಧಕ್ಕೆ ಬಿಟ್ಟುಹೋದ ದನಿಯನ್ನು ಎತ್ತಿಕೊಂಡು ತನ್ನದಾಗಿಸಿಕೊಳ್ಳುವುದು ಸುಮ್ನೆ ಮಾತಲ್ಲ.

ಬೆನ್ ಟೆನ್ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. 2008ರಲ್ಲಿ ಮುಂದಿನ ಸರಣಿ ಬಂದಾಗ ಬೆನ್‌ಗೆ ಹದಿನೈದು ವರ್ಷ ಮಾಡಿದರು. ದನಿ ಒಡೆಯಬೇಕಲ್ಲ, ಆ ಪಾತ್ರ ಯೂರಿ ಲೋವೆಂಥಾಲ್ ಅನ್ನುವ ನಟರಿಗೆ ಹೋಯಿತು. ಮುಂದೆ ಕಥೆ ಅವನ ಬಾಲ್ಯಕ್ಕೆ ಹಿಂದಿರುಗಿದಾಗೆಲ್ಲ ಮತ್ತೆ ಟಾರಾ ಬಂದರು. 2016ರಲ್ಲಿ ಸರಣಿಯನ್ನು ಮೊದಲಿಂದ ಮಾಡಿದಾಗಲೂ ಹತ್ತು ವರ್ಷದ ಬೆನ್ ಅಂದರೆ ಅವರೇ.

ಇವರ ಶಕ್ತಿ ತಿಳಿಯಬೇಕಾದರೆ ಬಬಲ್ಸ್ ಆದ ಮೇಲೆ ರೇವನ್ ಕೇಳಿ. ರೇವನ್ ಇರುವ ಟೀನ್ ಟೈಟನ್ಸ್ ಸರಣಿ 2003ರಲ್ಲಿ ಶುರುವಾಯಿತು. ಬಬಲ್ಸ್ ದನಿ ಮೇಲಿನ ಶ್ರುತಿಯಲ್ಲಿ ಪುಟಿಯುತ್ತದೆ, ಪ್ರತಿ ಮಾತಿನ ತುದಿಯೂ ಮೇಲಕ್ಕೆ ಏಳುತ್ತದೆ. ರೇವನ್ ದನಿ ಕೆಳಗೆ, ಎದೆಯಲ್ಲಿ ನಿಂತಿದೆ. ಏರಿಲ್ಲ, ಇಳಿತವಿಲ್ಲ. ಭಾವನೆ ತೋರಿಸಿದರೆ ಲೋಕಕ್ಕೇ ಅಪಾಯ ಅನ್ನುವ ಹುಡುಗಿ ಅವಳು. ಅಂಥ ಪಾತ್ರಕ್ಕೆ ದುಃಖವನ್ನು ಹೊರಗೆ ಬಿಡದೆಯೇ ಕೇಳುವವರಿಗೆ ಮುಟ್ಟಿಸಬೇಕು. ನನಗೆ ಕೇಳಿದರೆ ಅವರ ಅತ್ಯುತ್ತಮ ಕೆಲಸ ಇದೇ. 2013ರಲ್ಲಿ ಅದೇ ತಂಡವನ್ನಿಟ್ಟುಕೊಂಡು ಹಾಸ್ಯ ಸರಣಿ ಶುರು ಮಾಡಿದರು. ಅದರಲ್ಲೂ ರೇವನ್ ದನಿ ಹಾಗೇ ಚಪ್ಪಟೆ. ಈ ಸಲ ಆ ಚಪ್ಪಟೆತನಕ್ಕೇ ನಗು ಬರುತ್ತದೆ.

ಕಾರ್ಟೂನ್ ಅಂದರೆ ಚಿತ್ರ ಮೊದಲು, ದನಿ ಆಮೇಲೆ ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ಅಮೆರಿಕದ ಸರಣಿಗಳಲ್ಲಿ ಸಾಮಾನ್ಯವಾಗಿ ಉಲ್ಟಾ. ಮೊದಲು ದನಿ ರೆಕಾರ್ಡ್ ಮಾಡುತ್ತಾರೆ, ಚಿತ್ರಕಾರರು ಅದನ್ನು ಕೇಳಿಕೊಂಡು ತುಟಿ, ಕಣ್ಣು, ಹುಬ್ಬು ಬಿಡಿಸುತ್ತಾರೆ. ಪಾತ್ರ ಮೊದಲು ಹುಟ್ಟುವುದೇ ಗಂಟಲಲ್ಲಿ. ಬೇರೆ ಭಾಷೆಯ ಚಿತ್ರವಾದರೆ ಕಷ್ಟ ಬೇರೆ. ಜಪಾನಿನ ಹಯಾವೊ ಮಿಯಾಜಾಕಿ ಅವರ ಸ್ಪಿರಿಟೆಡ್ ಅವೇ ಚಿತ್ರದ ಇಂಗ್ಲಿಷ್ ರೂಪ 2002ರಲ್ಲಿ ಬಂತು. ಅದರಲ್ಲಿ ಬೋ ಅಂತ ಒಂದು ದೈತ್ಯ ಮಗು. ದಿಂಬುಗಳ ನಡುವೆ ಕೂತು, ನನ್ನ ಜೊತೆ ಆಟ ಆಡು, ಇಲ್ಲದಿದ್ದರೆ ಅಳುತ್ತೇನೆ ಅಂತ ಹೆದರಿಸುತ್ತದೆ. ಜಪಾನಿ ಮಾತಿಗೆ ಬಿಡಿಸಿಟ್ಟ ಆ ಬಾಯಿಯ ಅಳತೆಗೆ ಇಂಗ್ಲಿಷ್ ಮಾತು ಕೂರಿಸಬೇಕು. ಮಗುವಿನ ರಚ್ಚೆಯೂ ಇರಬೇಕು, ಆ ಮೈಯ ತೂಕವೂ ಕೇಳಿಸಬೇಕು. ಟಾರಾ ಎರಡನ್ನೂ ಸಾಧಿಸಿದ್ದಾರೆ.

ಪುಟ್ಟ ಕುದುರೆಗಳ ಕಥೆ ಹೇಳುವ ಮೈ ಲಿಟಲ್ ಪೋನಿ ಸರಣಿ 2010ರಿಂದ 2019ರವರೆಗೆ ಒಂಬತ್ತು ಸೀಸನ್ ನಡೆಯಿತು. ಅದರ ಮುಖ್ಯ ಪಾತ್ರ ಟ್ವೈಲೈಟ್ ಸ್ಪಾರ್ಕಲ್, ಪುಸ್ತಕದ ಹುಳು, ಇವರದೇ ದನಿ. ಉಳಿದ ಕಲಾವಿದರು ರೆಕಾರ್ಡ್ ಮಾಡುತ್ತಿದ್ದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ಕೆನಡಾದವರೇ ಆದ ಟಾರಾ ಮಾತ್ರ ಲಾಸ್ ಏಂಜಲಿಸ್‌ನ ಬೂತಿನಲ್ಲಿ. ಕಥೆಯ ಜೀವಾಳವೇ ಸ್ನೇಹ. ಆ ಸ್ನೇಹಿತೆಯರ ಜೊತೆಗಿನ ಹರಟೆ, ಜಗಳ, ರಾಜಿ ಎಲ್ಲವನ್ನೂ ಅಷ್ಟು ದೂರದಿಂದ ಹೊಂದಿಸಿಕೊಟ್ಟರು. ಟ್ವೈಲೈಟ್ ಹಾಡುವಾಗ ಕೇಳುವುದು ರೆಬೆಕಾ ಶಾಯ್‌ಕೆಟ್ ಅನ್ನುವ ಗಾಯಕಿಯ ಕಂಠ. ಮಾತಿಗೊಬ್ಬರು, ಹಾಡಿಗೊಬ್ಬರು. ಹಿನ್ನೆಲೆ ಗಾಯನದ ನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ.

ಇಷ್ಟೆಲ್ಲ ಮಾಡಿದರೂ ದನಿಯ ಕಲಾವಿದರಿಗೆ ಭದ್ರತೆ ಕಮ್ಮಿ. 2016ರಲ್ಲಿ ಪವರ್‌ಪಫ್ ಗರ್ಲ್ಸ್ ಹೊಸದಾಗಿ ಬಂದಾಗ ಮೊದಲಿನ ಮೂವರು ಕಲಾವಿದೆಯರನ್ನೂ ಬಿಟ್ಟು ಬೇರೆಯವರನ್ನು ತೆಗೆದುಕೊಂಡರು. ಟಾರಾ ತಮ್ಮ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಅವರು ನೊಂದದ್ದು ಸಹಜ ಅಂತ ನನ್ನ ಭಾವನೆ.

ವಿಡಿಯೊ ಗೇಮ್‌ನ ಕೆಲಸ ಇನ್ನೂ ಕಷ್ಟದ್ದು. 2011ರ ಬ್ಯಾಟ್‌ಮನ್ ಗೇಮ್‌ನಲ್ಲಿ ಹಾರ್ಲಿ ಕ್ವಿನ್ ಅನ್ನುವ ಖಳನಾಯಕಿಯ ಪಾತ್ರವನ್ನು ಆರ್ಲೀನ್ ಸೋರ್ಕಿನ್ ಅವರಿಂದ ಟಾರಾ ವಹಿಸಿಕೊಂಡರು. ಗೇಮ್‌ಗಳಲ್ಲಿ ಮಾತಿನ ಜೊತೆಗೆ ಏಟು ಬಿದ್ದಾಗಿನ ನರಳಾಟ, ಮೇಲಿಂದ ಬೀಳುವಾಗಿನ ಚೀರಾಟ, ಸಾಯುವಾಗಿನ ಉಸಿರು ಎಲ್ಲವನ್ನೂ ಬೇರೆ ಬೇರೆಯಾಗಿ ಮತ್ತೆ ಮತ್ತೆ ಕೊಡಬೇಕು. ಗಂಟಲು ಹರಿದುಹೋಗುತ್ತದೆ. 2016ರ ಅಕ್ಟೋಬರ್‌ನಿಂದ ಅಮೆರಿಕದ ಕಲಾವಿದರ ಸಂಘ ಗೇಮ್ ಕಂಪನಿಗಳ ವಿರುದ್ಧ ಹನ್ನೊಂದು ತಿಂಗಳು ಮುಷ್ಕರ ಮಾಡಿತು. ಇಂಥ ಕಿರುಚಾಟದ ಕೆಲಸವನ್ನು ನಾಲ್ಕು ಗಂಟೆಯಿಂದ ಎರಡಕ್ಕೆ ಇಳಿಸಿ ಅನ್ನುವುದೂ ಒಂದು ಬೇಡಿಕೆಯಾಗಿತ್ತು. 2024ರ ಜುಲೈನಲ್ಲಿ ಮತ್ತೆ ಮುಷ್ಕರ. ಈ ಸಲ ಭಯ ಕಂಪ್ಯೂಟರಿನದು. ದನಿಯ ಒಂದಿಷ್ಟು ತುಣುಕು ಸಿಕ್ಕರೆ ಸಾಕು, ಕಲಾವಿದರನ್ನು ಕರೆಯದೆಯೇ ಅವರ ಕಂಠದಲ್ಲಿ ಮಾತಾಡಿಸಬಹುದು. 2021ರ ಲೋಕಿ ಸರಣಿಯಲ್ಲಿ ಮಿಸ್ ಮಿನಿಟ್ಸ್ ಅನ್ನುವ ಮಾತಾಡುವ ಗಡಿಯಾರಕ್ಕೆ ಟಾರಾ ಕೊಟ್ಟ ಆ ರಾಗವಾದ, ಸಿಹಿ ಸಿಹಿಯಾದ, ಒಳಗೊಂದು ಬೆದರಿಕೆ ಇಟ್ಟುಕೊಂಡ ದನಿ ಕೇಳಿ. ಅದು ಮೂವತ್ತು ವರ್ಷಕ್ಕೂ ಮೀರಿದ ದುಡಿಮೆಯಿಂದ ಬಂದದ್ದು. ಅವರ ಒಪ್ಪಿಗೆ ಕೇಳದೆಯೇ ಅದನ್ನು ನಕಲು ಮಾಡಿದರೆ ಕಳ್ಳತನವಲ್ಲದೆ ಇನ್ನೇನು? 2025ರ ಜುಲೈನಲ್ಲಿ ಕಲಾವಿದರು ಹೊಸ ಒಪ್ಪಂದಕ್ಕೆ ಮತ ಹಾಕಿದರು. ದನಿಯ ನಕಲು ಮಾಡಬೇಕಾದರೆ ಕಲಾವಿದರ ಒಪ್ಪಿಗೆ ಬೇಕು, ಅದನ್ನು ಯಾವುದಕ್ಕೆ ಬಳಸುತ್ತಾರೆ ಅಂತ ಮೊದಲೇ ತಿಳಿಸಬೇಕು ಅನ್ನುವ ಮಾತು ಅದರಲ್ಲಿ ಸೇರಿದೆ.

ನಮಸ್ಕಾರ.