ತಿಂಗಳಿಗೊಂದು ಗಂಟೆ ಕಡಲು

ನಮಸ್ಕಾರ.

ಯಾರೋ ಬಂದು ನಿಮ್ಮ ಮುಂದೆ ಒಂದು ಕರಾರು ಇಡುತ್ತಾರೆ ಎಂದುಕೊಳ್ಳಿ. ಏಳು ತಲೆಮಾರು ಕೂತು ತಿಂದರೂ ಕರಗದಷ್ಟು ಹಣ ಈಗಲೇ ನಿಮ್ಮದು. ಅದಕ್ಕೆ ಪ್ರತಿಯಾಗಿ ತಿಂಗಳಿಗೊಮ್ಮೆ, ಹೇಳದೆ ಕೇಳದೆ, ಭೂಮಿಯ ಯಾವುದೋ ಸಾಗರದ ನಟ್ಟನಡುವೆ ನೀವು ಬೀಳುತ್ತೀರಿ. ಒಂದು ಗಂಟೆ ಜೀವ ಉಳಿಸಿಕೊಂಡರೆ ಮನೆಗೆ ವಾಪಸ್. ಆಯುಷ್ಯ ಇರುವ ತನಕ ಹೀಗೇ. ಒಪ್ಪುತ್ತೀರಾ?

ಈ ಪ್ರಶ್ನೆ ಎತ್ತಿದೊಡನೆ ಮಾತು ಶಾರ್ಕ್‌ಗಳ ಕಡೆ ತಿರುಗುತ್ತದೆ. ಅವುಗಳನ್ನು ಸದ್ಯಕ್ಕೆ ಬಿಡಿ. ಕೆಣಕದಿದ್ದರೂ ಶಾರ್ಕ್ ಕಚ್ಚಿದ ಪ್ರಕರಣಗಳು ಇಡೀ ಜಗತ್ತಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 100ನ್ನು ಮುಟ್ಟುವುದಿಲ್ಲ. ನಿಜವಾಗಿ ಅಂಜಬೇಕಾದದ್ದು ಚಳಿಗೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಹೀರುತ್ತದೆ. ತಣ್ಣೀರಿನ ಅಪಾಯ ವಿವರಿಸುವವರು 1-10-1 ಎಂಬ ಲೆಕ್ಕ ಹೇಳುತ್ತಾರೆ. ಕೊರೆಯುವ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಏದುಸಿರಿನ ಜೊತೆ ನೀರು ಒಳಹೋದರೆ ಅಲ್ಲಿಗೆ ಮುಗಿಯಿತು. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪುವುದಕ್ಕೆ ಹೆಚ್ಚುಕಡಿಮೆ 1 ಗಂಟೆ. ಕರಾರಿನ ಗಂಟೆಯೂ ಅಷ್ಟೇ ಉದ್ದ ಎಂಬುದನ್ನು ಗಮನಿಸಿ.

ಆದರೂ ಬದುಕಿದವರು ಇದ್ದಾರಲ್ಲ ಎನ್ನಬಹುದು. 1984ರ ಮಾರ್ಚ್‌ನಲ್ಲಿ ಐಸ್‌ಲ್ಯಾಂಡ್ ಬಳಿ ಮೀನುಗಾರಿಕೆ ದೋಣಿಯೊಂದು ಮಗುಚಿದಾಗ ಗುಡ್ಲೌಗುರ್ ಫ್ರಿಡ್‌ಥೋರ್ಸನ್ 5–6 ಡಿಗ್ರಿ ನೀರಿನಲ್ಲಿ ಗಂಟೆಗಟ್ಟಲೆ ಈಜಿ ದಡ ಸೇರಿದರು. ಅವರ ಮೈಯ ಕೊಬ್ಬಿನ ಪದರ ಅಸಾಮಾನ್ಯವಾಗಿ ದಪ್ಪ ಇತ್ತೆಂದು ಆಮೇಲೆ ಪರೀಕ್ಷೆಯಲ್ಲಿ ತಿಳಿಯಿತು. ಅದೇ ದೋಣಿಯಲ್ಲಿದ್ದ ಉಳಿದವರು ಬದುಕಲಿಲ್ಲ. ನಾವು ನೀವು ಅವರಲ್ಲಿ ಯಾರ ಹಾಗೆ? ನನಗಂತೂ ಅನುಮಾನವಿಲ್ಲ.

ಇರಲಿ, ಕಡಲು ನಾವು ಹೆದರಿದಷ್ಟು ಕ್ರೂರವಲ್ಲ ಎಂದೇ ಇಟ್ಟುಕೊಳ್ಳೋಣ. ಅದೃಷ್ಟವಿದ್ದರೆ ಬೆಚ್ಚನೆಯ ನೀರು ಸಿಗುತ್ತದೆ, ಅಲೆ ತಗ್ಗಿರುತ್ತದೆ. ಒಂದು ಸಲ ಬಿದ್ದರೆ ಸಾಯುವ ಸಾಧ್ಯತೆ ನೂರಕ್ಕೆ ಒಂದು ಮಾತ್ರ ಎನ್ನೋಣ. ಒಂದೇ ಸಲ ಆಗಿದ್ದರೆ ಅನೇಕರು ಧೈರ್ಯ ಮಾಡುತ್ತಾರೆ, ಬಹುಶಃ ನಾನೂ. ಆದರೆ ತಿಂಗಳಿಗೊಮ್ಮೆಯಂತೆ ಒಂದು ವರ್ಷ ಕಳೆದರೆ ನೂರು ಜನರಲ್ಲಿ ಉಳಿಯುವವರು ಸುಮಾರು 89. ಹತ್ತು ವರ್ಷಕ್ಕೆ 30. ನಲವತ್ತು ವರ್ಷಕ್ಕೆ ಒಬ್ಬರು ಕೂಡ ಅನುಮಾನ. ಹಣ ಬರುವುದು ಒಮ್ಮೆ, ಗಂಡಾಂತರ ಬರುವುದು ಮತ್ತೆ ಮತ್ತೆ.

ಹಾಗಾದರೆ ಮೊತ್ತವನ್ನು ದುಪ್ಪಟ್ಟು ಮಾಡಿದರೆ? 1738ರಲ್ಲೇ ಗಣಿತಜ್ಞ ಡೇನಿಯಲ್ ಬರ್ನೌಲಿ ಇದಕ್ಕೆ ಉತ್ತರ ಬರೆದಿಟ್ಟಿದ್ದಾನೆ: ಇರುವ ಹಣ ಹೆಚ್ಚಿದಷ್ಟೂ ಮೇಲೆ ಸೇರುವ ಹಣದಿಂದ ಸಿಗುವ ಸುಖ ಕಡಿಮೆಯಾಗುತ್ತದೆ. ಎರಡನೆಯ ರಾಶಿ ಮೊದಲನೆಯದರಷ್ಟು ಖುಷಿ ಕೊಡದು. ಕಡಲು ಮಾತ್ರ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಆದ್ದರಿಂದ ನಾನು ಮೊತ್ತದ ಚೌಕಾಶಿಗೆ ಇಳಿಯುವುದಿಲ್ಲ, ಷರತ್ತುಗಳನ್ನು ಕೆದಕುತ್ತೇನೆ. ಮೈಮೇಲಿನ ಬಟ್ಟೆ ಜೊತೆಗೆ ಬರುತ್ತದೆಯೇ? ಬರುವುದಾದರೆ ಚಳಿ ತಡೆಯುವ ತೇಲುಡುಪು, ಲೈಫ್ ಜಾಕೆಟ್ ಹಾಕಿಕೊಂಡಿರಬಹುದು. ಸಾವಿನ ಸಾಧ್ಯತೆ ಸಾವಿರಕ್ಕೆ ಒಂದಕ್ಕೆ ಇಳಿದರೆ ನಲವತ್ತು ವರ್ಷದ ನಂತರವೂ ನೂರಕ್ಕೆ 62 ಜನ ಉಳಿದಿರುತ್ತಾರೆ. ಆದರೆ ಹೊತ್ತು ಗೊತ್ತಿಲ್ಲದ್ದರಿಂದ ಆ ದಪ್ಪ ಉಡುಪಿನಲ್ಲೇ ಉಣ್ಣಬೇಕು, ಮಲಗಬೇಕು, ಮದುವೆ ಮನೆಗೂ ಅದರಲ್ಲೇ ಹೋಗಬೇಕು. ಸ್ನಾನ ಮಾಡುವಾಗ ಕರೆ ಬಂದರೆ ದೇವರೇ ಗತಿ. ಅಷ್ಟು ಹಣ ಇಟ್ಟುಕೊಂಡು ಅನುಭವಿಸುವುದೇನನ್ನು?

ಮೀನುಗಾರಿಕೆ ಜಗತ್ತಿನ ಅತಿ ಅಪಾಯದ ಕಸುಬುಗಳಲ್ಲಿ ಒಂದು. ಇದಕ್ಕಿಂತ ಎಷ್ಟೋ ಕಡಿಮೆ ದುಡ್ಡಿಗೆ ಕಡಲಿಗೆ ಇಳಿಯುವವರು ಲಕ್ಷಾಂತರ ಇದ್ದಾರೆ. ಅವರಿಗಾದರೂ ಹವಾಮಾನ ನೋಡಿ ದೋಣಿ ಕಟ್ಟಿಹಾಕುವ ಅವಕಾಶವಿದೆ. ಈ ಕರಾರಿನಲ್ಲಿ ಅದೂ ಇಲ್ಲ.

ದಿನಾಂಕ ಮೊದಲೇ ತಿಳಿಸಲಿ, ಬೇಡವೆಂದ ದಿನ ಉಳಿದ ಹಣ ಹಿಂತಿರುಗಿಸಿ ಹೊರಬರಲು ಬಿಡಲಿ. ಆಗ ನಾನು ಕಾಗದ ಓದಲು ಸಿದ್ಧ. ಈಗಿರುವ ಹಾಗಿದ್ದರೆ, ಸಹಿ ಹಾಕುವುದಿಲ್ಲ.

ನಮಸ್ಕಾರ.