ಅಜ್ಜನ ರೈಫಲ್ಲಿನ ಬೆಲೆ ಅದರ ನಳಿಗೆಯ ಮೇಲಿದೆ

(ತೆರೆಯ ಮೇಲೆ: ಖಡಕಿ ರೈಲು ನಿಲ್ದಾಣದ ಹೆಸರು ಫಲಕ. ನಿರೂಪಕರ ಧ್ವನಿ.)

ಎಲ್ಲರಿಗೂ ನಮಸ್ಕಾರ. ಪುಣೆಯ ಪಕ್ಕದ ಪಿಂಪ್ರಿಯಲ್ಲಿ ನೆಲೆಸಿರುವ, ಶಿರಸಿ ಕಡೆಯ ವೀಕ್ಷಕರೊಬ್ಬರು ನಮಗೊಂದು ಪ್ರಶ್ನೆ ಕಳುಹಿಸಿದ್ದಾರೆ. ಊರಿನಲ್ಲಿ ಅವರ ಅಜ್ಜ ತೀರಿಕೊಂಡಿದ್ದಾರೆ. ಅಡಿಕೆ ತೋಟಕ್ಕೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲು ಅವರು ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದ, ಅದಕ್ಕೂ ಮೊದಲು ಅವರ ತಂದೆ ಶಿಕಾರಿಗೆ ಬಳಸುತ್ತಿದ್ದ ಹಳೆಯ ರೈಫಲ್ ಮನೆಯಲ್ಲಿ ಉಳಿದಿದೆ. ಅದನ್ನು ಪುಣೆಗೆ ತಂದು ಮಾರಿದರೆ ಎಷ್ಟು ಬಂದೀತು ಎಂಬುದು ಅವರ ಪ್ರಶ್ನೆ. ಉತ್ತರಕ್ಕೆ ಮೊದಲು ನಾನು ಅವರನ್ನು ಕೇಳಿದ್ದು ಒಂದೇ ಮಾತು: ನಳಿಗೆಯ ಬುಡದಲ್ಲಿ ಯಾವ ಸಂಖ್ಯೆ ಕೆತ್ತಿದ್ದಾರೆ, ನೋಡಿದ್ದೀರಾ?

ಮೂಲ ವಿಷಯಗಳನ್ನು ಬೇಗನೆ ಮುಗಿಸೋಣ. ನಮ್ಮ ದೇಶದಲ್ಲಿ ಬಂದೂಕಿಗೆ ಸಂಬಂಧಿಸಿದ ವಿಚಾರಗಳು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಅಡಿಯಲ್ಲಿ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿಯ ನಂತರ ಮೋಜಿನ ಬೇಟೆ ಎಂಬುದು ಇಲ್ಲಿ ಉಳಿದಿಲ್ಲ. ಆದರೂ ಬೇಟೆಗೆಂದೇ ತಯಾರಾದ ರೈಫಲ್‌ಗಳು ಬೆಳೆ ರಕ್ಷಣೆಗೆ, ಆತ್ಮರಕ್ಷಣೆಗೆ ಮತ್ತು ಗುರಿ ಅಭ್ಯಾಸಕ್ಕೆ ಲೈಸೆನ್ಸ್ ಇರುವವರ ನಡುವೆ ಇಂದಿಗೂ ಕೈ ಬದಲಾಯಿಸುತ್ತಿವೆ. 1980ರ ದಶಕದಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕುಗಳ ಆಮದು ಬಹುಮಟ್ಟಿಗೆ ಮುಚ್ಚಿಹೋಗಿರುವುದರಿಂದ, ಅದಕ್ಕಿಂತ ಮೊದಲೇ ದೇಶದೊಳಗೆ ಬಂದ ಒಳ್ಳೆಯ ರೈಫಲ್‌ಗಳ ಸಂಖ್ಯೆ ಹೆಚ್ಚುವುದಿಲ್ಲ, ಬೆಲೆ ಮಾತ್ರ ಏರುತ್ತದೆ.

(ತೆರೆಯ ಮೇಲೆ: ನಳಿಗೆಯ ಬುಡದ ಹತ್ತಿರದ ಚಿತ್ರ.)

ಈಗ ಆ ಸಂಖ್ಯೆಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲು ನನಗೆ ಅವಕಾಶ ಕೊಡಿ, ಏಕೆಂದರೆ ಈ ವಿಡಿಯೋ ಮಾಡಬೇಕೆಂದು ನನಗೆ ಅನ್ನಿಸಿದ್ದೇ ಈ ಸಂಖ್ಯೆಯ ಕಥೆಯಿಂದ.

ಭಾರತದ ಹಳ್ಳಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ರೈಫಲ್ಲಿನ ಮೇಲೆ 0.315 ಎಂದಿರುತ್ತದೆ. ಬಲ್ಲವರು ಇದನ್ನು ‘ತ್ರೀ ಫಿಫ್ಟೀನ್’ ಎಂದೇ ಕರೆಯುತ್ತಾರೆ. ಇಂಚಿನಲ್ಲಿರುವ ಈ ಅಳತೆಯನ್ನು ಮಿಲಿಮೀಟರಿಗೆ ಬದಲಾಯಿಸಿದರೆ ಸರಿಯಾಗಿ 8 ಬರುತ್ತದೆ, ಮತ್ತು ಆ 8 ಮಿಲಿಮೀಟರ್ ತೋಟೆ ಹುಟ್ಟಿದ್ದು ಇಂಗ್ಲೆಂಡಿನಲ್ಲೂ ಅಲ್ಲ, ಭಾರತದಲ್ಲೂ ಅಲ್ಲ. 19ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೈನ್ಯ ತನ್ನ ಮಾನ್‌ಲಿಕರ್ ರೈಫಲ್ಲಿಗಾಗಿ ಅದನ್ನು ರೂಪಿಸಿಕೊಂಡಿತ್ತು. ಅದು ನಮ್ಮ ಅಡಿಕೆ ತೋಟದ ಮನೆಗೆ ಬಂದದ್ದು ಹೇಗೆ? ಬ್ರಿಟಿಷರ ಸೈನ್ಯ ಬಳಸುತ್ತಿದ್ದುದು 0.303 ತೋಟೆ. ಜನರ ಕೈಯಲ್ಲೂ ಅದೇ ಅಳತೆಯ ಬಂದೂಕುಗಳಿದ್ದರೆ ದಂಡಿನ ಉಗ್ರಾಣದಿಂದ ಕದ್ದ ತೋಟೆಗಳು ಅವುಗಳಿಗೆ ಹೊಂದಿಬಿಡುತ್ತವೆ ಎಂಬ ಭಯದಿಂದ ಆ ಅಳತೆಯನ್ನು ನಾಗರಿಕರಿಗೆ ನಿಷೇಧಿಸಿದರು. ಆಗ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿ ಸೈನ್ಯದ ಮಾದರಿಯ ರೈಫಲ್ಲಿಗೇ ಆಸ್ಟ್ರಿಯಾದ 8 ಮಿಲಿಮೀಟರ್ ತೋಟೆ ಕೂರುವ ಕೋಣೆಯನ್ನು ಕೊರೆದು ಭಾರತದ ಮಾರುಕಟ್ಟೆಗೆ ಕಳುಹಿಸಿತು. ಸ್ವಾತಂತ್ರ್ಯಾನಂತರ ಕೋಲ್ಕತ್ತದ ಬಳಿಯ ಇಷಾಪುರದ ರೈಫಲ್ ಕಾರ್ಖಾನೆ ಅದನ್ನೇ ಮುಂದುವರಿಸಿತು. ಆ ಸಾಮ್ರಾಜ್ಯ 1918ರಲ್ಲಿ ಹರಿದು ಹಂಚಿಹೋಯಿತು, ಅದರ ತೋಟೆಯ ಅಳತೆ ಮಾತ್ರ ನಮ್ಮ ರೈತರ ಬೀರುಗಳಲ್ಲಿ ಉಳಿಯಿತು.

ದೊಡ್ಡ ಬೇಟೆಯ ರೈಫಲ್‌ಗಳಲ್ಲೂ ಇದೇ ನಡೆದಿದೆ. ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗಳಿಗೆ ಮದ್ದುಗುಂಡು ಸಿಗಬಾರದೆಂದು 20ನೇ ಶತಮಾನದ ಮೊದಲ ದಶಕದಲ್ಲಿ ಭಾರತದಲ್ಲಿ 0.450 ಅಳತೆಯನ್ನು ನಿಷೇಧಿಸಿದಾಗ, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ 1907ರಲ್ಲಿ 0.465ನ್ನು ತಂದಿತು, ಬೇರೆಯವರು 0.470ನ್ನು ಬೆಳೆಸಿದರು. ಆಫ್ರಿಕದ ಆನೆ ಬೇಟೆಯ ಪುಸ್ತಕಗಳಲ್ಲೆಲ್ಲ ಮೆರೆಯುವ 0.470 ಬಳಕೆಗೆ ಬಂದದ್ದರ ಹಿಂದೆ ಭಾರತದ ಒಂದು ಸರ್ಕಾರಿ ಆದೇಶವಿದೆ ಎಂಬುದನ್ನು ತಿಳಿದ ದಿನ ನಾನು ರಾತ್ರಿಯೆಲ್ಲ ಅದರ ಬಗ್ಗೆಯೇ ಓದುತ್ತ ಕುಳಿತಿದ್ದೆ.

ಬ್ರಿಟಿಷರ ಆ ಭಯ ಇಂದಿನ ನಿಯಮಗಳಲ್ಲೂ ಉಳಿದಿದೆ. 0.303 ಅಥವಾ 7.62 ಮಿಲಿಮೀಟರಿನ ಸೈನಿಕ ತೋಟೆಯನ್ನು ತುಂಬಿ ಹಾರಿಸಬಲ್ಲ ರೈಫಲ್ ‘ನಿಷೇಧಿತ ಬೋರ್’ ಆಗುತ್ತದೆ (ಬೋರ್ ಎಂದರೆ ನಳಿಗೆಯ ಒಳ ಅಳತೆ). ಆದ್ದರಿಂದ ಪ್ರಪಂಚದ ಬೇರೆ ಕಡೆ ಬೇಟೆಗಾರರ ಅಚ್ಚುಮೆಚ್ಚಿನ 0.308 ಇಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗದು, ಆದರೆ ಅಷ್ಟೇ ದಪ್ಪದ ಗುಂಡನ್ನು ಹಾರಿಸುವ 30-06 ಸಿಗುತ್ತದೆ. ಒಂದೇ ಅಳತೆಯ ಬಾಯಿಯುಳ್ಳ ಎರಡು ಸೀಸೆಗಳನ್ನು ಊಹಿಸಿಕೊಳ್ಳಿ: ಒಂದರ ಬಿರಡೆ ಇನ್ನೊಂದಕ್ಕೂ ಹೊಂದುತ್ತದೆ, ಆದರೆ ಒಂದು ಗಿಡ್ಡ, ಒಂದು ಉದ್ದ. ಬಿರಡೆಯೇ ಗುಂಡು, ಸೀಸೆಯೇ ಮದ್ದು ತುಂಬಿದ ತೋಟೆಯ ಕವಚ. 0.308ರ ಕವಚ 51 ಮಿಲಿಮೀಟರ್ ಉದ್ದವಿದ್ದು ಸೈನ್ಯದ ತೋಟೆಯ ಕವಚಕ್ಕೆ ಸಮನಾಗಿದೆ. 30-06ರ ಕವಚ 63 ಮಿಲಿಮೀಟರ್. ನಿಯಮ ನೋಡುವುದು ಬಿರಡೆಯನ್ನಲ್ಲ, ಕಪಾಟಿನಲ್ಲಿ, ಅಂದರೆ ರೈಫಲ್ಲಿನ ಕೋಣೆಯಲ್ಲಿ, ಯಾವ ಸೀಸೆ ಕೂರುತ್ತದೆ ಎಂಬುದನ್ನು. ನಿಮ್ಮ ರೈಫಲ್ಲನ್ನು ಯಾರು ಕೊಳ್ಳಬಹುದು, ಅದಕ್ಕೆ ತೋಟೆ ಸಿಗುತ್ತದೆಯೇ, ಹಾಗಾಗಿ ಅದಕ್ಕೆ ಏನು ಬೆಲೆ ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ. ಕಣ್ಣಿಗೆ ಎಷ್ಟೇ ಚೆಂದವಿದ್ದರೂ ತೋಟೆ ಸಿಗದ ರೈಫಲ್ಲಿಗೆ ದುಡ್ಡು ಕೊಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಖಡಕಿಯ ಫಲಕವನ್ನು ಮೊದಲಿಗೆ ತೋರಿಸಿದ್ದಕ್ಕೆ ಕಾರಣ ಇದೇ. 1869ರಲ್ಲಿ ಆರಂಭವಾದ ಖಡಕಿಯ ಮದ್ದುಗುಂಡು ಕಾರ್ಖಾನೆಯ ಗುರುತು ‘ಕೆ ಎಫ್’. ಅಜ್ಜನ ಡಬ್ಬಿಯಲ್ಲಿ ಹಳೆಯ ತೋಟೆಗಳಿದ್ದರೆ ಅವುಗಳ ತಳ ನೋಡಿ. ಆ ಎರಡು ಅಕ್ಷರಗಳಿದ್ದರೆ ಅವು ನಮ್ಮ ಪುಣೆಯಿಂದಲೇ ಊರಿಗೆ ಹೋದವು.

(ತೆರೆಯ ಮೇಲೆ: ಬೋಲ್ಟ್ ತೆಗೆದ ರೈಫಲ್, ಮೇಜಿನ ಮೇಲೆ ಬಿಳಿ ಕಾಗದ.)

ಈಗ ಪರೀಕ್ಷೆ. ಪುಣೆಯ ಲೈಸೆನ್ಸ್ ಪಡೆದ ಮಾರಾಟಗಾರರೊಬ್ಬರು ತಮ್ಮ ಅಂಗಡಿಯಲ್ಲಿ ನನಗೆ ಒಂದು ಹಳೆಯ 0.315ನ್ನು ತೋರಿಸಿದರು. ಮೊದಲು ತೋಟೆ ತುಂಬುವ ಮ್ಯಾಗಜಿನ್ ತೆಗೆದು, ಕೋಣೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎಳೆದು, ಕೋಣೆ ಖಾಲಿ ಇದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಂಡರು. ಆಮೇಲೆ ಬೋಲ್ಟನ್ನು ಪೂರ್ತಿ ಹೊರತೆಗೆದು, ನಳಿಗೆಯ ಹಿಂದೆ ಬಿಳಿ ಕಾಗದ ಹಿಡಿದು, ತುದಿಯಿಂದ ನೋಡಲು ಹೇಳಿದರು. ಒಳಗಿನ ಸುರುಳಿ ಗೆರೆಗಳು ತುದಿಯ ಕಡೆ ಚೂಪಾಗಿ ಹೊಳೆಯುತ್ತಿದ್ದವು. ಕೋಣೆಗೆ ಹತ್ತಿರವಾದಂತೆ ಮಾತ್ರ ಸಿಡುಬಿನ ಕಲೆಗಳಂಥ ಕಪ್ಪು ಚುಕ್ಕೆಗಳು ಕಂಡವು.

ಆ ಚುಕ್ಕೆಗಳಿಗೆ ಕಾರಣ ಉಪ್ಪು. ಹಳೆಯ ತೋಟೆಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಸೋದರ. ಮಳೆಗಾಲದಲ್ಲಿ ನಮ್ಮ ಉಪ್ಪಿನ ಡಬ್ಬಿ ನೀರೊಡೆಯುವ ಹಾಗೆಯೇ ಇದೂ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು, ನೀರಿನಲ್ಲಿ ಮಾತ್ರ ಕರಗುತ್ತದೆ; ಹಾಗಾಗಿ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿದವರ ನಳಿಗೆ ಉಳಿದಿದೆ, ಬರೀ ಎಣ್ಣೆ ಹಚ್ಚಿದವರದ್ದು ಹೋಗಿದೆ. ಗೋವಾ, ಕಾರವಾರ, ಮುಂಬೈ ಕರಾವಳಿಯಲ್ಲಿದ್ದ ರೈಫಲ್ ಕೊಳ್ಳುವವರು ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಕೋಣೆಯ ಬಳಿಯ ಒಂದಿಷ್ಟು ಚುಕ್ಕೆಗಳನ್ನು ಒಪ್ಪಿಕೊಳ್ಳಬಹುದು, ಆದರೆ ನಳಿಗೆಯ ತುದಿಯ ಅಂಚು ಸವೆದಿದ್ದರೆ ಅಥವಾ ಜಜ್ಜಿದ್ದರೆ ಗುಂಡು ಹೊರಬೀಳುವ ಕ್ಷಣದಲ್ಲೇ ಓರೆಯಾಗುತ್ತದೆ. ಬೋಲ್ಟ್ ಮತ್ತು ನಳಿಗೆಯ ಮೇಲಿನ ಕ್ರಮಸಂಖ್ಯೆಗಳು ಒಂದೇ ಇರುವುದೂ ಮುಖ್ಯ, ಏಕೆಂದರೆ ಬೇರೆ ರೈಫಲ್ಲಿನ ಬೋಲ್ಟ್ ತೋಟೆಯನ್ನು ಸರಿಯಾಗಿ ಒತ್ತಿ ಹಿಡಿಯದೆ ಹೋಗಬಹುದು.

ಸಮಯ ಕಡಿಮೆ ಇರುವುದರಿಂದ ಸಜ್ಜುಗೊಳಿಸುವ ವಿಷಯವನ್ನು ಒಟ್ಟಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಮರದ ಹಿಡಿ ಊದಿಕೊಂಡು ನಳಿಗೆಯನ್ನು ಒಂದು ಕಡೆಗೆ ಒತ್ತುತ್ತದೆ, ಇದರಿಂದ ಮೇ ತಿಂಗಳಲ್ಲಿ ಕೂರಿಸಿದ ಗುರಿ ಆಗಸ್ಟಿನಲ್ಲಿ ತಪ್ಪುತ್ತದೆ. ಹಿಡಿಯ ತಿರುಪುಗಳು ಬಿಗಿಯಾಗಿವೆಯೇ, ಒತ್ತಡ ಎರಡೂ ಪಕ್ಕಗಳಲ್ಲಿ ಸಮನಾಗಿದೆಯೇ ಎಂದು ನೋಡಿ. ದುರ್ಬೀನು ಕೂರಿಸಲು ರಂಧ್ರ ಕೊರೆಯುವುದನ್ನು ಲೇತ್ ಅಂಗಡಿಯವರಿಗೆ ಕೊಡಬೇಡಿ, ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಗುರಿಯನ್ನು ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲೇ ಹೊಂದಿಸಬೇಕು. ಸಾಮಾನ್ಯ ದುರ್ಬೀನಿನ ತಿರುಗಣೆಯ ಒಂದು ‘ಕ್ಲಿಕ್’ 100 ಮೀಟರಿನಲ್ಲಿ ಗುಂಡು ಬೀಳುವ ಜಾಗವನ್ನು ಸುಮಾರು 7 ಮಿಲಿಮೀಟರ್ ಸರಿಸುತ್ತದೆ. ಒಂದೇ ಈಡಿಗೆ ತಿರುಗಿಸದೆ, ಮೂರು ಈಡುಗಳ ನಡುಬಿಂದುವನ್ನು ನೋಡಿ ತಿರುಗಿಸಿ.

(ತೆರೆಯ ಮೇಲೆ: ನಿಪ್ಪಾಣಿ ಹೆದ್ದಾರಿ.)

ಈಗ ಪಿಂಪ್ರಿಯ ವೀಕ್ಷಕರಿಗೆ ನೇರ ಉತ್ತರ. ಆ ರೈಫಲ್ಲನ್ನು ಬಸ್ಸಿನಲ್ಲೋ ಕಾರಿನಲ್ಲೋ ನಿಪ್ಪಾಣಿ ದಾಟಿಸಿ ತರಬೇಡಿ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಅದನ್ನು ಇಟ್ಟುಕೊಳ್ಳುವ ಹಕ್ಕು ಮನೆಯಲ್ಲಿ ಯಾರಿಗೂ ಉಳಿದಿಲ್ಲ. ಕಾಯ್ದೆಯ 21ನೇ ಕಲಮಿನಂತೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ಮಾರಾಟಗಾರರಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. 2016ರ ನಿಯಮಗಳು ವಾರಸುದಾರರಿಗೆ ಅರ್ಜಿ ಹಾಕುವ ಅವಕಾಶ ಕೊಟ್ಟಿವೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಈಗಲೇ ಮಾಡಿಸಿಕೊಳ್ಳಿ. ನೀವು ಪಿಂಪ್ರಿಯ ನಿವಾಸಿಯಾದ್ದರಿಂದ ನಿಮ್ಮ ಅರ್ಜಿ ಪೊಲೀಸ್ ಆಯುಕ್ತರ ಕಚೇರಿಗೆ ಹೋಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕುಗಳು, ಪಿತ್ರಾರ್ಜಿತವೂ ಆ ಲೆಕ್ಕದಲ್ಲೇ ಸೇರುತ್ತದೆ. ಲೈಸೆನ್ಸ್ ನಿಮ್ಮ ಹೆಸರಿಗೆ ಬಂದ ಮೇಲೆ ಇನ್ನೊಬ್ಬ ಲೈಸೆನ್ಸುದಾರರಿಗೆ ಮಾರುವುದಾದರೆ, ಕೊಳ್ಳುವವರ ಹೆಸರು ಮತ್ತು ವಿಳಾಸದೊಂದಿಗೆ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು.

ಕೊಡಗಿನ ವೀಕ್ಷಕರೂ ಇದೇ ಪ್ರಶ್ನೆ ಕೇಳಿದ್ದಾರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಆದರೆ ಆ ವಿನಾಯಿತಿ ಮನುಷ್ಯನದ್ದು, ಕೋವಿಯದ್ದಲ್ಲ. ಪುಣೆಯಲ್ಲಿ ಅದನ್ನು ಕೊಳ್ಳುವ ಬೇರೆಯವರ ಬಳಿ ಅವರದೇ ಲೈಸೆನ್ಸ್ ಇರಲೇಬೇಕು.

ಪಿಂಪ್ರಿಯವರು ನಿನ್ನೆ ಸಂಜೆ ಊರಿನಿಂದ ತರಿಸಿಕೊಂಡ ಚಿತ್ರವನ್ನು ನನಗೆ ಕಳುಹಿಸಿದರು. ನಳಿಗೆಯ ಬುಡದಲ್ಲಿ ಬಿ.ಎಸ್.ಎ. ಎಂಬ ಅಕ್ಷರಗಳೂ, ಅವುಗಳ ಪಕ್ಕದಲ್ಲಿ, ತುಕ್ಕಿನ ನಡುವೆ, 0.315 ಎಂಬುದೂ ಕಾಣುತ್ತಿವೆ.