ಒಳ್ಳೆಯ ಕೆಲಸವನ್ನೂ ಬಿಡಬಹುದು

ನಮಸ್ಕಾರ. 7 ವರ್ಷ ದುಡಿದ ಜಾಗವನ್ನು ನಾನು ಬಿಟ್ಟಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಯಾಕೆ, ಅಲ್ಲಿ ಏನಾಯ್ತು?"

ಏನೂ ಆಗಿರಲಿಲ್ಲ. ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತಿತ್ತು. ಜೊತೆಯಲ್ಲಿದ್ದವರು ಒಳ್ಳೆಯವರು. ಅಪ್ಪ ಆಸ್ಪತ್ರೆಯಲ್ಲಿದ್ದ ಮೂರು ವಾರ ನನ್ನ ಪಾಲಿನ ಕೆಲಸವನ್ನು ನನ್ನ ಮ್ಯಾನೇಜರ್ ತಾವೇ ಮಾಡಿ ಮುಗಿಸಿದ್ದರು, ಒಂದು ಮಾತೂ ಆಡದೆ. ಅಂಥ ಜಾಗ ಅದು. ಬೇರೆ ಕಡೆಯಿಂದ ಒಂದು ಆಫರ್ ಬಂತು. ನಾನು ಬಹಳ ದಿನದಿಂದ ಕಲಿಯಬೇಕು ಅಂದುಕೊಂಡಿದ್ದ ಕೆಲಸ ಅಲ್ಲಿತ್ತು. ಹೋಗಬೇಕು ಅನ್ನಿಸಿತು. ಇದ್ದದ್ದು ಇಷ್ಟೇ ಕಾರಣ.

ಈ ಕಾರಣ ಯಾರಿಗೂ ಸಾಕಾಗಲಿಲ್ಲ. ನಿಜ ಹೇಳಬೇಕೆಂದರೆ, ಮೊದಲು ನನಗೇ ಸಾಕಾಗಿರಲಿಲ್ಲ.

ಆಫರ್ ಲೆಟರ್ 11 ದಿನ ನನ್ನ ಮೇಲ್‌ನಲ್ಲಿ ಕೂತಿತ್ತು. ಆ 11 ದಿನ ನಾನು ಮಾಡಿದ ಕೆಲಸ ಇವತ್ತಿಗೂ ನನ್ನನ್ನು ಕಾಡುತ್ತದೆ. ನಾನು ತಪ್ಪು ಹುಡುಕುತ್ತಿದ್ದೆ. ಒಂದು ಮೀಟಿಂಗ್ ಮುಂದಕ್ಕೆ ಹೋಯಿತು. ನೋಡು, ನಮ್ಮ ಸಮಯಕ್ಕೆ ಇಲ್ಲಿ ಬೆಲೆಯೇ ಇಲ್ಲ ಅಂದುಕೊಂಡೆ. ಇನ್ನೊಬ್ಬರ ಕೆಲಸವನ್ನು ಹೊಗಳಿ ಒಂದು ಮೇಲ್ ಬಂತು. ನೋಡು, ನನ್ನ ಹೆಸರು ಯಾರಿಗೂ ನೆನಪಿಲ್ಲ ಅಂದುಕೊಂಡೆ. ಏಳು ವರ್ಷ ಕಣ್ಣಿಗೇ ಬೀಳದ ಸಣ್ಣ ಸಣ್ಣ ವಿಷಯಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರಲ್ಲ, ನಾನು ಕೂತು ಅದನ್ನೇ ಮಾಡುತ್ತಿದ್ದೆ. ಆ ಜಾಗ ಕೆಟ್ಟದ್ದು ಅಂತ ಸಾಬೀತು ಮಾಡಿಬಿಟ್ಟರೆ ಹೊರಡುವುದಕ್ಕೆ ಒಂದು ಪರವಾನಗಿ ಸಿಗುತ್ತದೆ ಅನ್ನುವ ಹಾಗೆ.

ಇವತ್ತು ನಾನು ಹೇಳಬೇಕಿರುವುದು ಇದನ್ನೇ. ಕೆಲಸ ಬಿಡುವುದಕ್ಕೆ ದೂರು ಬೇಕಾಗಿಲ್ಲ. ಒಳ್ಳೆಯ ಕೆಲಸವನ್ನೂ ಬಿಡಬಹುದು. ಒಳ್ಳೆಯ ಜನರನ್ನು ಬಿಟ್ಟು, ಅವರು ಒಳ್ಳೆಯವರು ಅಂತ ಒಪ್ಪಿಕೊಂಡೇ ಹೊರಡಬಹುದು.

ಇದು ಬರೀ ಸಭ್ಯತೆಯ ಮಾತಲ್ಲ. ಜಾಗ ಕೆಟ್ಟರೆ ಮಾತ್ರ ಬಿಡಬೇಕು ಅಂತ ನಂಬಿದವರು ಏನು ಮಾಡುತ್ತಾರೆ? ಕೆಡುವ ತನಕ ಕಾಯುತ್ತಾರೆ. ಕೆಡದಿದ್ದರೆ ಮನಸ್ಸಿನಲ್ಲೇ ಕೆಡಿಸಿಕೊಳ್ಳುತ್ತಾರೆ. ಕೊನೆಗೆ ಸಿಟ್ಟಿನಲ್ಲಿ ಹೊರಡುತ್ತಾರೆ. ಸಿಟ್ಟಿನಲ್ಲಿ ಹೊರಟವರು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ನೋಡುವುದಿಲ್ಲ. ಮೊದಲು ತೆರೆದ ಬಾಗಿಲಿಗೆ ನುಗ್ಗುತ್ತಾರೆ. ನಾನು ಹತ್ತಿರದಿಂದ ನೋಡಿದ ಒಬ್ಬರು ಹೀಗೇ ಮೂರು ಕೆಲಸ ಬದಲಿಸಿದರು. ಪ್ರತಿ ಸಲ ಹಳೆಯ ಜಾಗದ ಮೇಲಿನ ಕೋಪದಲ್ಲೇ ಹೊಸದನ್ನು ಒಪ್ಪಿಕೊಂಡರು. ಅವರ ಕೈಯಲ್ಲಿ ಹಳೆಯ ಜಾಗದ ತಪ್ಪುಗಳ ದೊಡ್ಡ ಪಟ್ಟಿ ಇರುತ್ತಿತ್ತು. ಹೊಸ ಜಾಗದ ಬಗ್ಗೆ ಕೇಳಿದರೆ ಸಂಬಳ ಬಿಟ್ಟು ಬೇರೇನೂ ಗೊತ್ತಿರುತ್ತಿರಲಿಲ್ಲ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ನನಗೆ ತುಂಬಾ ಇಷ್ಟವಾದ ಕಥೆ, ನಡೆದದ್ದು.

ಜೋಸೆಫ್ ಪ್ರೀಸ್ಟ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾದ್ರಿಯಾಗಿದ್ದರು. ಜೊತೆಗೆ ವಿಜ್ಞಾನದ ಹುಚ್ಚು. ಅಲ್ಲಿನ ಸಭೆಯವರ ಜೊತೆ ಅವರು ಸುಖವಾಗಿದ್ದರು, ಆಮೇಲೆ ಅದನ್ನು ತಾವೇ ಬರೆದುಕೊಂಡಿದ್ದಾರೆ. ಆದರೆ ಬರುವ ಸಂಬಳದಲ್ಲಿ ಸಂಸಾರ ಸಾಗಿಸುವುದು ಕಷ್ಟವಾಗಿತ್ತು. 1772ರಲ್ಲಿ ಲಾರ್ಡ್ ಶೆಲ್ಬರ್ನ್ ಎಂಬ ಶ್ರೀಮಂತ ರಾಜಕಾರಣಿಯಿಂದ ಒಂದು ಆಫರ್ ಬಂತು. ಅವರ ಗ್ರಂಥಾಲಯ ನೋಡಿಕೊಳ್ಳಬೇಕು, ಮಕ್ಕಳ ಓದಿನ ಕಡೆ ಗಮನ ಕೊಡಬೇಕು. ಸಂಬಳ ಎರಡು ಪಟ್ಟಿಗಿಂತ ಜಾಸ್ತಿ. ಪ್ರೀಸ್ಟ್ಲಿಗೆ ಏನು ಮಾಡಬೇಕು ಅಂತ ತೋಚಲಿಲ್ಲ. ದೊಡ್ಡ ಮನುಷ್ಯರ ಮನೆಯಲ್ಲಿ ಸೇರಿಕೊಂಡರೆ ಸ್ವಾತಂತ್ರ್ಯ ಹೋಗುತ್ತದಲ್ಲ ಅನ್ನುವ ಅಳುಕೂ ಇತ್ತು. ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಾಗದ ಬರೆದು ಸಲಹೆ ಕೇಳಿದರು.

ಫ್ರಾಂಕ್ಲಿನ್ ಆಗ ಲಂಡನ್ನಿನಲ್ಲಿದ್ದರು. 1772ರ ಸೆಪ್ಟೆಂಬರ್ 19ರಂದು ಉತ್ತರ ಬರೆದರು. ಹೋಗು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ವಿಷಯ ಪೂರ್ತಿ ತಿಳಿಯದೆ ಏನು ನಿರ್ಧರಿಸಬೇಕು ಅಂತ ನಾನು ಹೇಳಲಾರೆ, ಬೇಕಾದರೆ ಹೇಗೆ ನಿರ್ಧರಿಸಬೇಕು ಅಂತ ಹೇಳುತ್ತೇನೆ ಅಂದರು. ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಒಂದು ಕಡೆ ಪರ, ಒಂದು ಕಡೆ ವಿರೋಧ. ಒಂದೇ ಸಲ ಕೂತು ಬರೆದು ಮುಗಿಸಬೇಡಿ, ಮೂರು ನಾಲ್ಕು ದಿನ ತಗೊಳ್ಳಿ. ಆಮೇಲೆ ತೂಕ ನೋಡಿ. ಈ ಕಡೆಯ ಒಂದು ಕಾರಣ ಆ ಕಡೆಯ ಎರಡಕ್ಕೆ ಸಮ ಅನ್ನಿಸಿದರೆ ಮೂರನ್ನೂ ಹೊಡೆದು ಹಾಕಿ. ಕೊನೆಗೆ ಎಲ್ಲಿ ಉಳಿಯುತ್ತದೆ ನೋಡಿ. ಇವತ್ತು ನಾವು ಎರಡು ಕಾಲಂ ಹಾಕಿ ಬರೆಯುತ್ತೇವಲ್ಲ, ಆ ಪದ್ಧತಿಯ ಹೆಸರಾಂತ ಪತ್ರ ಇದೇ. ಅದು ಹುಟ್ಟಿದ್ದೇ ಒಂದು ಜಾಬ್ ಆಫರ್‌ನಿಂದ!

ಪ್ರೀಸ್ಟ್ಲಿ ಲೀಡ್ಸ್ ಬಿಟ್ಟು 1773ರಲ್ಲಿ ಶೆಲ್ಬರ್ನ್ ಅವರಲ್ಲಿಗೆ ಹೋದರು. ಅಲ್ಲಿ ಕೆಲಸದ ಹೊರೆ ಕಡಿಮೆ. ಪ್ರಯೋಗಗಳಿಗೆ ಸಮಯ ಸಿಕ್ಕಿತು. 1774ರ ಆಗಸ್ಟ್ 1ರಂದು, ಶೆಲ್ಬರ್ನ್ ಅವರ ಬೋವುಡ್ ಹೌಸ್‌ನಲ್ಲಿ, ಭೂತಗಾಜಿನಿಂದ ಬಿಸಿಲನ್ನು ಒಂದೆಡೆ ಸೇರಿಸಿ ಪಾದರಸದ ಆಕ್ಸೈಡನ್ನು ಕಾಯಿಸಿದಾಗ ಒಂದು ಗಾಳಿ ಹೊರಬಂತು. ಅದರಲ್ಲಿ ಮೇಣದ ಬತ್ತಿ ಧಗಧಗ ಉರಿಯಿತು. ಅದನ್ನೇ ನಾವು ಇವತ್ತು ಆಕ್ಸಿಜನ್ ಅನ್ನುತ್ತೇವೆ.

ಕೆಲಸ ಬಿಟ್ಟರೆ ನಿಮಗೂ ಆಕ್ಸಿಜನ್ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ ವಿಷಯ. ಪ್ರೀಸ್ಟ್ಲಿ ಎಷ್ಟೇ ದಿನ ಆ ಹಾಳೆಯ ಮುಂದೆ ಕೂತಿದ್ದರೂ ಆಕ್ಸಿಜನ್ ಅಂತ ಯಾವ ಕಾಲಂನಲ್ಲೂ ಬರೆಯುವುದಕ್ಕೆ ಆಗುತ್ತಿರಲಿಲ್ಲ. ಆ ಪದವೇ ಇನ್ನೂ ಹುಟ್ಟಿರಲಿಲ್ಲ. ಹೊಸ ಅವಕಾಶದಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ, ಅದು ಪಟ್ಟಿಯಲ್ಲಿ ಇರುವುದೇ ಇಲ್ಲ. ಇನ್ನು ಈಗಿರುವ ಕೆಲಸದಲ್ಲಿ ಕಳೆದುಕೊಳ್ಳುವುದು ಏನೇನು ಅಂತ ಕೇಳಿ ನೋಡಿ. ಒಂದೂ ಬಿಡದೆ ಹೇಳುತ್ತೇವೆ. ಸೀನಿಯಾರಿಟಿ, ರಜೆ, ಮನೆಗೆ ಬೇಗ ಬರುವುದು, ಕಿಟಕಿ ಪಕ್ಕದ ಸೀಟು. ಎಲ್ಲದಕ್ಕೂ ಹೆಸರಿದೆ.

ಪಟ್ಟಿ ಹಾಕುವವರಿಗೆ ಇನ್ನೊಂದು ತೊಡಕೂ ಇದೆ. ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ತೋರಿಸಿಕೊಟ್ಟ ವಿಷಯ ಅದು. ಒಂದಿಷ್ಟು ಬಂದಾಗ ಆಗುವ ಖುಷಿಗಿಂತ, ಅಷ್ಟನ್ನೇ ಕಳೆದುಕೊಂಡಾಗ ಆಗುವ ನೋವು ದೊಡ್ಡದು. 1992ರಲ್ಲಿ ಅವರೇ ಹಾಕಿದ ಲೆಕ್ಕದಲ್ಲಿ ಆ ನೋವಿನ ತೂಕ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂದರೆ ನಾವು ಎಷ್ಟು ಪ್ರಾಮಾಣಿಕವಾಗಿ ಅಳೆದು ಸುರಿದು ನೋಡಿದರೂ ತಕ್ಕಡಿ ಮೊದಲೇ ಇರುವ ಕಡೆಗೆ ವಾಲಿರುತ್ತದೆ. ಎರಡೂ ಸಮ ಅನ್ನಿಸುತ್ತಿದೆ ಅಂತ ಯಾರಾದರೂ ಹೇಳಿದರೆ, ಅವರ ಮನಸ್ಸು ಆಗಲೇ ಹೊರಟಿದೆ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ಒಂದಿಷ್ಟು ಆಧಾರವೂ ಇದೆ. ಸ್ಟೀವನ್ ಲೆವಿಟ್ ಎಂಬ ಅರ್ಥಶಾಸ್ತ್ರಜ್ಞ ಒಂದು ವೆಬ್‌ಸೈಟ್ ಮಾಡಿದರು. ಯಾವುದೋ ನಿರ್ಧಾರಕ್ಕೆ ಬರಲಾಗದೆ ಒದ್ದಾಡುತ್ತಿರುವವರು ಅಲ್ಲಿ ನಾಣ್ಯ ಚಿಮ್ಮಿಸಬಹುದಿತ್ತು. ಕೆಲಸ ಬಿಡಲಾ ಬೇಡವಾ ಅನ್ನುವುದೂ ಆ ಪ್ರಶ್ನೆಗಳಲ್ಲಿ ಒಂದು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಫಲಿತಾಂಶ 2016ರಲ್ಲಿ ಹೊರಬಂತು. ದೊಡ್ಡ ನಿರ್ಧಾರಗಳಲ್ಲಿ, ಬದಲಾವಣೆಯ ಕಡೆ ಹೋದವರು ಆರು ತಿಂಗಳ ನಂತರ ಇದ್ದಲ್ಲೇ ಉಳಿದವರಿಗಿಂತ ಖುಷಿಯಾಗಿದ್ದರು. ಅಲ್ಲಿಗೆ ಬಂದವರೆಲ್ಲ ಆಗಲೇ ಎರಡು ಮನಸ್ಸಿನಲ್ಲಿದ್ದವರು ಅನ್ನುವುದನ್ನು ಮರೆಯಬಾರದು. ಇರುವ ಕೆಲಸದಲ್ಲಿ ನೆಮ್ಮದಿಯಾಗಿರುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಯಾರ ಮಾತನ್ನೂ ಕೇಳಿ ಎದ್ದು ಹೊರಡಬೇಕಾಗಿಲ್ಲ, ನನ್ನ ಮಾತನ್ನಂತೂ ಅಲ್ಲವೇ ಅಲ್ಲ.

ಹಾಗಂತ ದೂರದ ಬೆಟ್ಟ ನುಣ್ಣಗೆ ಅನ್ನುವ ಮಾತು ಸುಳ್ಳಲ್ಲ. ವೆಂಡಿ ಬಾಸ್ವೆಲ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೆಲಸ ಬದಲಿಸಿದ ಮ್ಯಾನೇಜರ್‌ಗಳನ್ನು ವರ್ಷಗಟ್ಟಲೆ ಗಮನಿಸಿದರು. ಬಿಡುವ ಮೊದಲು ತೃಪ್ತಿ ಇಳಿದಿರುತ್ತದೆ. ಹೊಸ ಜಾಗಕ್ಕೆ ಹೋದ ಕೂಡಲೇ ಜೋರಾಗಿ ಏರುತ್ತದೆ. ಆಮೇಲೆ ಮತ್ತೆ ಇಳಿಯುತ್ತದೆ. ಹನಿಮೂನ್, ಅದರ ಹಿಂದೆಯೇ ಹ್ಯಾಂಗೋವರ್ ಅಂತ ಅದಕ್ಕೆ ಹೆಸರಿಟ್ಟರು. ನನಗೂ ಹಾಗೇ ಆಯಿತು. ಎಂಟನೇ ತಿಂಗಳಲ್ಲಿ ಒಂದು ಸಂಜೆ, ಹಳೆಯ ಜಾಗದಲ್ಲಿ ಒಂದು ಫೋನ್ ಮಾಡಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಲ್ಲಿ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗದೆ ಕೂತಿದ್ದೆ. ತಪ್ಪು ಮಾಡಿಬಿಟ್ಟೆನಾ ಅಂತ ಭಯವಾಯಿತು. ಈ ಇಳಿತ ಬಂದೇ ಬರುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಹಳೆಯ ಜಾಗದ ಜಂತೆ ಎಣಿಸುವುದಕ್ಕೆ ಹೋಗುವ ಶಕ್ತಿಯನ್ನೆಲ್ಲ ಹೊಸ ಜಾಗವನ್ನು ತಿಳಿದುಕೊಳ್ಳುವುದಕ್ಕೆ ಹಾಕಿ. ನಾನು ಇಂಟರ್ವ್ಯೂನಲ್ಲಿ ಕೇಳಿದ ಒಂದು ಪ್ರಶ್ನೆ ನನಗೆ ತುಂಬಾ ಸಹಾಯ ಮಾಡಿತು. ಈ ಕೆಲಸವನ್ನು ನನಗಿಂತ ಮೊದಲು ಯಾರು ಮಾಡುತ್ತಿದ್ದರು, ಅವರು ಈಗ ಎಲ್ಲಿದ್ದಾರೆ? ಇದಕ್ಕೆ ಬರುವ ಉತ್ತರಕ್ಕಿಂತ ಉತ್ತರ ಕೊಡುವವರ ಮುಖವನ್ನು ನೋಡಿ. ಅದೇ ತಂಡವನ್ನು ಬಿಟ್ಟು ಬಂದ ಒಬ್ಬರ ಜೊತೆ ಮಾತಾಡುವುದಕ್ಕೆ ಸಾಧ್ಯವಾದರೆ ಇನ್ನೂ ಒಳ್ಳೆಯದು. ನಿಮ್ಮ ಕೆಲಸವನ್ನು ನೋಡುವವರು ಯಾರು ಅನ್ನುವುದು ಗೊತ್ತಾಗುವ ತನಕ ಹೂಂ ಅನ್ನಬೇಡಿ. ಆಫರ್ ಬರಹದಲ್ಲಿ ಕೈಗೆ ಬಂದು ಸಹಿ ಆಗುವ ತನಕ ಪೇಪರ್ ಹಾಕಬೇಡಿ. ಬಾಯಿಮಾತಿನ ಆಫರ್ ನಂಬಿ ರಾಜೀನಾಮೆ ಕೊಟ್ಟು ನಡುನೀರಿನಲ್ಲಿ ಉಳಿದವರನ್ನು ನಾನು ನೋಡಿದ್ದೇನೆ. ತಲೆಯ ಮೇಲೆ ಸಾಲದ ಕಂತುಗಳಿದ್ದು, ಕೈಯಲ್ಲಿ ಎರಡು ತಿಂಗಳಿಗೂ ದುಡ್ಡಿಲ್ಲದಿದ್ದರೆ, ಸ್ವಲ್ಪ ಕಾಯುವುದು ಹೇಡಿತನವಲ್ಲ.

ಕೌಂಟರ್ ಆಫರ್, ಅಂದರೆ ಹೊರಡುತ್ತೇನೆ ಅಂದವರನ್ನು ಉಳಿಸಿಕೊಳ್ಳುವುದಕ್ಕೆ ಈಗಿನ ಕಂಪನಿ ಕೊಡುವ ಹೆಚ್ಚಿನ ಸಂಬಳ, ಅದರ ಬಗ್ಗೆ ನನ್ನ ಮಾತು ಕಡ್ಡಿ ಮುರಿದ ಹಾಗಿದೆ. ದುಡ್ಡು ಸಾಲುತ್ತಿಲ್ಲ ಅಂದರೆ ಪೇಪರ್ ಹಾಕುವ ಮೊದಲೇ ಹೋಗಿ ಕೇಳಿ. ಬೇರೆಯವರ ಆಫರನ್ನು ತೋರಿಸಿ ಸಂಬಳ ಏರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ನಿಮಗೋಸ್ಕರ ಒಂದು ಜಾಗ ಹಿಡಿದಿಟ್ಟುಕೊಂಡು ಯಾರೋ ಕಾಯುತ್ತಿರುತ್ತಾರೆ.

ಇನ್ನು ನಿಷ್ಠೆ. ಈ ಪದ ನನ್ನನ್ನು ಆ 11 ದಿನ ನಿದ್ದೆಗೆಡಿಸಿತ್ತು. ಅಪ್ಪನ ಆಸ್ಪತ್ರೆಯ ಆ ಮೂರು ವಾರವನ್ನು ನಾನು ಹೇಗೆ ತೀರಿಸಲಿ? ನಾನು ಕಂಡುಕೊಂಡಿದ್ದು ಇಷ್ಟು. ಆ ಋಣ ಇರುವುದು ಒಬ್ಬ ಮನುಷ್ಯರಿಗೆ, ಕಂಪನಿಯ ಹಾಜರಿ ಪುಸ್ತಕಕ್ಕಲ್ಲ. ಅದನ್ನು ತೀರಿಸುವ ದಾರಿ ಇನ್ನೂ ಐದು ವರ್ಷ ಅರ್ಧ ಮನಸ್ಸಿನಲ್ಲಿ ಕೂರುವುದಲ್ಲ. ನೋಟಿಸ್ ಪೀರಿಯಡ್‌ನ ಪ್ರತಿ ದಿನವನ್ನೂ ಪೂರ್ತಿ ಕೆಲಸ ಮಾಡಿದೆ. ನನ್ನ ತಲೆಯಲ್ಲಿ ಮಾತ್ರ ಇದ್ದದ್ದನ್ನೆಲ್ಲ ಬರೆದಿಟ್ಟೆ. 42 ಪುಟದ ಹ್ಯಾಂಡೋವರ್ ಆಯಿತು.

ಮ್ಯಾನೇಜರ್‌ಗೆ ಹೇಳಿದ ದಿನ ಅವರೂ ಅದನ್ನೇ ಕೇಳಿದರು. "ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ನಾನು ಹುಡುಕಿ ಹುಡುಕಿ ಇಟ್ಟುಕೊಂಡಿದ್ದ ಪಟ್ಟಿ ಮನಸ್ಸಿನಲ್ಲಿತ್ತು. ಅದನ್ನು ಹೇಳಿದ್ದರೆ ಅವರಿಗೂ ಸುಲಭವಾಗುತ್ತಿತ್ತು, ನನಗೂ. ಹೇಳಲಿಲ್ಲ. "ಇಲ್ಲ. ಇಲ್ಲಿ ಚೆನ್ನಾಗಿದ್ದೆ. ಅಲ್ಲಿಗೆ ಹೋಗಬೇಕು ಅನ್ನಿಸಿದೆ" ಅಂದೆ. ಗಂಟಲು ಕಟ್ಟಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಯಾವತ್ತು ಕೊನೆಯ ದಿನ ಅಂತ ಕೇಳಿದರು. ನಾವಿಬ್ಬರೂ ಇವತ್ತಿಗೂ ಮಾತಾಡುತ್ತೇವೆ.

ಕಳೆದ ತಿಂಗಳು ನನ್ನ ತಂಡದ ಹುಡುಗಿಯೊಬ್ಬಳು ಮಾತಾಡಬೇಕು ಅಂತ ಬಂದಳು. ಬಾಗಿಲು ಹಾಕಿ ಕೂತಳು. ಹೋದ ವರ್ಷದ ಅಪ್ರೈಸಲ್‌ನಿಂದ ಶುರು ಮಾಡಿದಳು. ಆಮೇಲೆ ಒಂದು ಪ್ರಾಜೆಕ್ಟ್ ಕೈ ತಪ್ಪಿದ್ದು, ಯಾವುದೋ ಮೀಟಿಂಗ್‌ಗೆ ಕರೆಯದೇ ಇದ್ದದ್ದು. ಅದರಲ್ಲಿ ಎರಡು ನಿಜವಾಗಿ ನನ್ನ ತಪ್ಪುಗಳೇ, ಒಪ್ಪಿಕೊಂಡೆ. ಆದರೆ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಯಿಪಾಠ ಮಾಡಿಕೊಂಡು ಬಂದ ಹಾಗಿತ್ತು. ಮಾತು ನಿಂತ ಮೇಲೆ ಮೆಲ್ಲಗೆ ಕೇಳಿದೆ. "ಬೇರೆ ಕಡೆ ಒಳ್ಳೆ ಆಫರ್ ಬಂದಿದೆ, ಅಲ್ವಾ?"

ತಲೆ ಆಡಿಸಿದಳು. ಕಣ್ಣು ತುಂಬಿತ್ತು.

"ಏನು ಕೆಲಸ? ಹೇಳು" ಅಂದೆ. ಆಗ ಶುರು ಮಾಡಿದವಳು ಅರ್ಧ ಗಂಟೆ ನಿಲ್ಲಿಸಲೇ ಇಲ್ಲ.